ಲೇಬಲ್ ಹಾಕಿದ್ದೆ

ಮಿಜಾರು,
18 ಜನವರಿ 2024

ಫಾಯಿಝಾ ಅವರಿಗೆ,

ನಮಸ್ಕಾರ. ಬಂಟ್ವಾಳದ ಆಸ್ಪತ್ರೆಯ ಪುರುಷರ ವಾರ್ಡಿನಲ್ಲಿದ್ದ ಶ್ರೀಮತಿ ಸಿಸ್ಟರ್ ಬರೆಯುತ್ತಿದ್ದೇನೆ. ಹೆಸರು ಕಂಡ ಕೂಡಲೇ ಈ ಕಾಗದ ಹರಿದು ಹಾಕಬೇಕೆಂದು ನಿಮಗೆ ಅನ್ನಿಸಬಹುದು. ಹರಿಯುವ ಮೊದಲು ಒಮ್ಮೆ ಓದಿ. ವಿಳಾಸ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಸಿಕ್ಕಿತು. ಈ ವಿಷಯವನ್ನು ಬಾಯಿಬಿಟ್ಟು ಹೇಳಲು ನನಗೆ ಧೈರ್ಯವಿಲ್ಲ, ಹಾಗಾಗಿ ಕಾಗದ.

ನಾನೀಗ ಇಲ್ಲಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಇಪ್ಪತ್ತೊಂದು ವರ್ಷ ವಾರ್ಡಿನಲ್ಲಿ ನಿಂತವಳು ನಲವತ್ತನಾಲ್ಕನೇ ಪ್ರಾಯದಲ್ಲಿ ಬೆಂಚಿನಲ್ಲಿ ಕೂತಿದ್ದೇನೆ. ಎರಡು ವರ್ಷ ಮುಗಿಸಿ ಬಂದರೆ ನಮ್ಮ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದಾರೆ. ನಮಗೆ ಬೋಧನೆಯ ಕ್ರಮ ಕಲಿಸುವ ಅನಿಷಾ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು.

ಕಳೆದ ವಾರ ನನ್ನ ಮೊದಲ ಅಭ್ಯಾಸ ಪಾಠವಿತ್ತು. ಒಂದನೇ ವರ್ಷದ ಹುಡುಗಿಯರಿಗೆ ಇಪ್ಪತ್ತು ನಿಮಿಷ. ವಿಷಯ, ರೋಗಿಗೆ ಮದ್ದು ಕೊಡುವಾಗ ಆಗುವ ತಪ್ಪುಗಳು. ನಾನು ಪುಸ್ತಕದಲ್ಲಿದ್ದದ್ದನ್ನೇ ಹೇಳುತ್ತಾ ಹೋದೆ. ಹಿಂದಿನ ಬೆಂಚಿನಿಂದ ಅನಿಷಾ ಮೇಡಂ, “ಇದೆಲ್ಲ ಅವರಿಗೆ ಪುಸ್ತಕದಲ್ಲಿ ಉಂಟು. ನೀವು ಕಣ್ಣಾರೆ ಕಂಡದ್ದು ಒಂದು ಹೇಳಿ” ಎಂದರು.

ನನ್ನ ಬಾಯಿಗೆ ಬಂದದ್ದು ನಿಮ್ಮ ಕಥೆ. ಹೆಸರು ಹೇಳಲಿಲ್ಲ. ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿ ವಾಂತಿಯ ಇಂಜೆಕ್ಷನ್ ಎಂದುಕೊಂಡು, ಪಕ್ಕದ ಹಾಸಿಗೆಯವರಿಗೆ ಇಟ್ಟಿದ್ದ ನಿದ್ದೆಯ ಮದ್ದನ್ನು ಒಬ್ಬ ಅಜ್ಜನಿಗೆ ಕೊಟ್ಟದ್ದು, ಅವರ ಉಸಿರು ನಿಧಾನವಾಗಿ ಐಸಿಯುಗೆ ಸೇರಿಸಬೇಕಾದದ್ದು, ಆ ಹುಡುಗಿಯನ್ನು ಕಾಲೇಜಿನಿಂದ ತೆಗೆದದ್ದು. ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಂಡರು. ಅವರು ಬರೆಯುವುದನ್ನು ನೋಡುತ್ತಾ ನಿಂತಾಗ ನಿಮ್ಮ ಮುಖ ನೆನಪಾಯಿತು. ಅಂದು ರೋಗಿಗಳೆದುರು, ಅವರ ಮನೆಯವರೆದುರು, “ಕಣ್ಣು ಎಲ್ಲಿಟ್ಟುಕೊಂಡಿದ್ದಿ?” ಎಂದು ನಾನು ಕಿರುಚಿದೆ. ಹಾಗೆ ಬೈಯಬಾರದಿತ್ತು. ಅದಕ್ಕಾಗಿ ಕ್ಷಮೆ ಕೇಳುತ್ತಿದ್ದೇನೆ.

ಎಲ್ಲಾದರೂ ಒಳ್ಳೆಯ ಕೆಲಸದಲ್ಲಿದ್ದೀರಿ ಎಂದು ನಂಬಿದ್ದೇನೆ.

ಶ್ರೀಮತಿ

ಬೆಳ್ತಂಗಡಿ,
9 ಫೆಬ್ರವರಿ 2024

ಶ್ರೀಮತಿ ಸಿಸ್ಟರ್,

ಕಾಗದ ಸಿಕ್ಕಿತು. ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಉಮ್ಮ ಮತ್ತು ನಾನು, ತಾಯಿ ಮಗಳು ಇಬ್ಬರೇ. ಉಮ್ಮನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಬಾರಿ ಇನ್ಸುಲಿನ್ ನಾನೇ ಕೊಡುತ್ತೇನೆ.

ಬೈದದ್ದಕ್ಕೆ ಕ್ಷಮೆ ಕೇಳುವುದು ಬೇಡ. ನಿಮ್ಮ ವಾರ್ಡಿಗೆ ಬಂದವರೆಲ್ಲ ನಿಮ್ಮಿಂದ ಬೈಗುಳ ತಿಂದಿದ್ದೇವೆ. ಆಗ ನನ್ನನ್ನು ನೀನು ಎನ್ನುತ್ತಿದ್ದಿರಿ, ಈಗ ನೀವು ಎಂದು ಬರೆದಿದ್ದೀರಿ. ಓದುವಾಗ ಯಾರಿಗೋ ಬರೆದದ್ದು ಎನಿಸಿತು.

ಆ ಅಜ್ಜ ಈಗ ಹೇಗಿದ್ದಾರೆ? ನನಗೆ ಯಾರೂ ಹೇಳಲಿಲ್ಲ.

ಇನ್ನೊಂದು ಪ್ರಶ್ನೆ ಕೇಳಬೇಕು. ನೀವು ಪಾಠ ಮಾಡುವಾಗ, ಆ ಸಿರಿಂಜಿನ ಲೇಬಲ್ ಮೇಲೆ ಏನು ಬರೆದಿತ್ತು ಎಂದು ಹುಡುಗಿಯರಿಗೆ ಹೇಳಿದಿರಿ?

ಫಾಯಿಝಾ

ಮಿಜಾರು,
2 ಮಾರ್ಚ್ 2024

ಪ್ರಿಯ ಫಾಯಿಝಾ,

ನೀನು ಉತ್ತರ ಬರೆದೆಯಲ್ಲ, ಅದೇ ದೊಡ್ಡದು. ನೀನು ಎಂದೇ ಬರೆಯುತ್ತೇನೆ.

ಆ ಅಜ್ಜ ಮಹಾಲಿಂಗೇಶ್ವರ ಭಟ್ಟರು ಮೂರನೇ ದಿನ ಐಸಿಯುನಿಂದ ಹೊರಗೆ ಬಂದರು, ವಾರದಲ್ಲಿ ನಡೆದುಕೊಂಡು ಮನೆಗೆ ಹೋದರು. ಪಾಣೆಮಂಗಳೂರಿನಲ್ಲಿದ್ದಾರೆ, ಎಂಬತ್ತು ದಾಟಿದೆ. ನಿನಗೆ ಅದನ್ನು ಯಾರೂ ತಿಳಿಸಲಿಲ್ಲ ಎಂದು ಓದಿ ಬೇಸರವಾಯಿತು.

ಇಲ್ಲಿ ಓದು ಕಷ್ಟ. ಸಂಖ್ಯಾಶಾಸ್ತ್ರ ಎಂಬ ವಿಷಯ ನನ್ನ ತಲೆಗೆ ಹತ್ತುತ್ತಿಲ್ಲ. ಸಹಪಾಠಿಗಳಲ್ಲಿ ಹೆಚ್ಚಿನವರಿಗೆ ಮೂವತ್ತು ಕೂಡ ಆಗಿಲ್ಲ. ನನ್ನ ಯಜಮಾನರು ದೇವಿಪ್ರಸಾದ್ ಹೈಸ್ಕೂಲು ಮೇಷ್ಟ್ರು. ಪ್ರತಿ ಶನಿವಾರ ಮನೆಗೆ ಹೋದಾಗ ಪಾಠ ಯೋಜನೆ ಬರೆಯುವುದು ಹೇಗೆಂದು ಅವರಿಂದಲೇ ಹೇಳಿಸಿಕೊಳ್ಳುತ್ತೇನೆ.

ನೀನು ಓದು ಮುಂದುವರಿಸುವುದಾದರೆ ನಿನ್ನ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ. ಒಂದು ತಪ್ಪಿಗೆ ಇಡೀ ಜೀವನ ಶಿಕ್ಷೆ ಅನುಭವಿಸಬೇಕಾಗಿಲ್ಲ. ಎಲ್ಲರಿಂದಲೂ ತಪ್ಪಾಗುತ್ತದೆ.

ಲೇಬಲಿನ ವಿಷಯ ಕೇಳಿದ್ದಿ. ಆರು ವರ್ಷದ ಹಿಂದಿನ ಮಾತು, ಸರಿಯಾಗಿ ನೆನಪಿಲ್ಲ.

ನಿನ್ನ ಉಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಶ್ರೀಮತಿ

ಮಿಜಾರು,
20 ಏಪ್ರಿಲ್ 2024

ಫಾಯಿಝಾ,

ಮಾರ್ಚಿನಲ್ಲಿ ಬರೆದ ಕಾಗದ ತಲಪಿತೇ? ಉತ್ತರ ಬರಲಿಲ್ಲ. ಉಮ್ಮನಿಗೆ ಹುಷಾರಿಲ್ಲವೇನೋ ಎಂದುಕೊಂಡೆ. ಆಸ್ಪತ್ರೆಯ ಸಹಾಯ ಬೇಕಿದ್ದರೆ ಸಂಕೋಚ ಮಾಡಬೇಡ.

ಶ್ರೀಮತಿ

ಬೆಳ್ತಂಗಡಿ,
30 ಜೂನ್ 2024

ಶ್ರೀಮತಿ ಸಿಸ್ಟರ್,

ಉಮ್ಮ ಹುಷಾರಾಗಿದ್ದಾರೆ. ನಿಮ್ಮ ಎರಡೂ ಕಾಗದ ತಲಪಿವೆ. ‘ಒಂದು ತಪ್ಪಿಗೆ’ ಎಂದು ಬರೆದಿರಲ್ಲ, ಅದನ್ನು ಓದಿದ ಮೇಲೆ ನಾಲ್ಕು ತಿಂಗಳು ನನಗೆ ಬರೆಯುವ ಮನಸ್ಸಾಗಲಿಲ್ಲ. ನಿಮಗೆ ನೆನಪಿಲ್ಲ ಎಂದಾದರೆ ನಾನೇ ಹೇಳುತ್ತೇನೆ.

2018ರ ಆಗಸ್ಟ್, ಗುರುವಾರ, ಬೆಳಿಗ್ಗೆ ಹನ್ನೊಂದರ ಹತ್ತಿರ. ಏಳನೇ ಹಾಸಿಗೆಯವರನ್ನು ಯಾವುದೋ ಪರೀಕ್ಷೆಗೆ ಕರೆದೊಯ್ಯಲಿಕ್ಕಿತ್ತು, ಅವರಿಗೆ ನಿದ್ದೆಯ ಮದ್ದು. ಒಂಬತ್ತನೇ ಹಾಸಿಗೆಯ ಅಜ್ಜನಿಗೆ ವಾಂತಿಯ ಮದ್ದು. ಎರಡನ್ನೂ ಸಿರಿಂಜಿಗೆ ಎಳೆದು ಟ್ರೇಯಲ್ಲಿಟ್ಟವರು ನೀವು. ಎರಡೂ ನೀರಿನ ಹಾಗೆಯೇ ಇದ್ದವು. ಎರಡಕ್ಕೂ ಲೇಬಲ್ ಇರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಲೇ ಕೈಸನ್ನೆಯಲ್ಲಿ ನನ್ನನ್ನು ಕರೆದು, “ಒಂಬತ್ತಕ್ಕೆ ಕೊಟ್ಟು ಬಾ” ಎಂದಿರಿ. “ಎರಡರಲ್ಲಿ ಯಾವುದು ಸಿಸ್ಟರ್?” ಎಂದು ಕೇಳಿದೆ. “ಬಲಗಡೆದು ಮಾರಾಯ್ತಿ, ಬೇಗ ಕೊಡು” ಎಂದಿರಿ. ಬಲಗಡೆಯದ್ದನ್ನು ಕೊಟ್ಟೆ.

ಲೇಬಲ್ ಇಲ್ಲದ ಮದ್ದನ್ನು ಕೊಡಬಾರದು ಎಂದು ನಮಗೆ ಮೊದಲ ವರ್ಷವೇ ಕಲಿಸಿದ್ದರು. ನನಗದು ಗೊತ್ತಿತ್ತು. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅಜ್ಜನಿಗೆ ಏನಾದರೂ ಆದೀತು ಎಂಬ ಹೆದರಿಕೆಗಿಂತ ನೀವು ಬೈದೀರಿ ಎಂಬ ಹೆದರಿಕೆ ದೊಡ್ಡದಾಯಿತು. ಅಷ್ಟು ಮಾತ್ರ ನನ್ನ ತಪ್ಪು. ಅದನ್ನು ನಾನು ಯಾವತ್ತೂ ಒಪ್ಪಿಕೊಂಡಿದ್ದೇನೆ.

ವಿಚಾರಣೆಯ ದಿನ ಇದನ್ನೆಲ್ಲ ಹೇಳಿದೆ. ಐದು ಜನ ಕೂತಿದ್ದರು. ಅವರು ನಿಮ್ಮ ಕಡೆ ತಿರುಗಿದರು. ನೀವು ನನ್ನನ್ನು ನೋಡಲಿಲ್ಲ, ಮೇಜನ್ನು ನೋಡಿಕೊಂಡು, “ಲೇಬಲ್ ಹಾಕಿದ್ದೆ” ಎಂದಿರಿ. ಆಮೇಲೆ ಅವರು ಒಂದು ತಟ್ಟೆಯಲ್ಲಿ ಆ ಸಿರಿಂಜನ್ನು ತಂದು ತೋರಿಸಿದರು. ಪ್ಲಾಸ್ಟರ್ ತುಂಡಿನ ಮೇಲೆ ಮದ್ದಿನ ಹೆಸರು, ‘ಏಳು’ ಎಂಬ ಅಂಕೆ, ನಿಮ್ಮ ಅಕ್ಷರ.

ಈಗಲೂ ನೆನಪಿಲ್ಲ ಎಂದಾದರೆ ಇನ್ನು ಬರೆಯಬೇಡಿ.

ಫಾಯಿಝಾ

ಮಿಜಾರು,
8 ಜುಲೈ 2024

ಫಾಯಿಝಾ,

ನೆನಪಿದೆ. ಯಾವತ್ತೂ ಮರೆತಿರಲಿಲ್ಲ.

ನೀನು ಬರೆದದ್ದು ಒಂದಕ್ಷರವೂ ತಪ್ಪಿಲ್ಲ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅಜ್ಜನ ಉಸಿರು ನಿಧಾನವಾಗುತ್ತಿದೆ ಎಂದು ನೀನೇ ಮೊದಲು ಕೂಗಿದವಳು. ಡಾಕ್ಟರು, ನೀನು, ಉಳಿದವರು ಒಂಬತ್ತನೇ ಹಾಸಿಗೆಯತ್ತ ಓಡಿದಿರಿ. ನಾನು ಓಡಲಿಲ್ಲ. ಟ್ರೇಯ ಹತ್ತಿರ ನಿಂತಿದ್ದೆ. ನೀನು ವಾಪಸು ತಂದಿಟ್ಟಿದ್ದ ಖಾಲಿ ಸಿರಿಂಜು ಅಲ್ಲೇ ಇತ್ತು. ಪ್ಲಾಸ್ಟರ್ ಹರಿದು, ಮದ್ದಿನ ಹೆಸರು ಬರೆದು ಅದಕ್ಕೆ ಅಂಟಿಸಿದೆ. ಇನ್ನೊಂದಕ್ಕೂ ಅಂಟಿಸಿದೆ. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ನಾನು ಅಜ್ಜನ ಹತ್ತಿರ ಇರಬೇಕಾಗಿತ್ತು. ಆಮೇಲೆ ಬಂದು ಎಲ್ಲರೆದುರು ನಿನಗೆ ಬೈದೆ. ಜೋರಾಗಿ ಬೈದಷ್ಟೂ ನನಗೇ ನಂಬಿಕೆ ಬರುತ್ತಾ ಹೋಯಿತು.

ಆ ವಾರ ವಾರ್ಡಿನ ಇನ್‌ಚಾರ್ಜ್ ಯಾರಾಗಬೇಕೆಂದು ಪಟ್ಟಿ ತಯಾರಾಗುತ್ತಿತ್ತು. ನನ್ನ ಹೆಸರು ಮೇಲಿತ್ತು. ಅದು ಕಾರಣವೇ ಹೊರತು ಸಮಜಾಯಿಷಿ ಅಲ್ಲ ಎಂದು ಗೊತ್ತಿದೆ. ನಿನ್ನನ್ನು ಕಾಲೇಜಿನಿಂದಲೇ ತೆಗೆಯುತ್ತಾರೆ ಎಂದು ಅಂದುಕೊಂಡಿರಲಿಲ್ಲ. ತೆಗೆದಾಗಲೂ ಬಾಯಿ ಬಿಡಲಿಲ್ಲ.

ನಾನೀಗ ಏನು ಮಾಡಬೇಕು, ನೀನೇ ಹೇಳು. ನೀನು ಹೇಳಿದಂತೆ ಮಾಡುತ್ತೇನೆ.

ಶ್ರೀಮತಿ

ಬೆಳ್ತಂಗಡಿ,
22 ಜುಲೈ 2024

ಸಿಸ್ಟರ್,

ಏನು ಮಾಡಬೇಕೆಂದು ನನ್ನನ್ನು ಕೇಳಬೇಡಿ. ಅದನ್ನೂ ನನ್ನ ತಲೆಗೆ ಹಾಕಬೇಡಿ.

ನೀವು ಸುಳ್ಳು ಹೇಳಿದಿರಿ ಎಂದು ಆ ದಿನ ನನಗೆ ಖಂಡಿತ ಗೊತ್ತಿತ್ತು. ಸಿರಿಂಜು ತೋರಿಸಿದ ಮೇಲೆ ಆ ಖಾತ್ರಿ ಹೋಯಿತು. ಲೇಬಲ್ ಕಣ್ಣೆದುರು ಇತ್ತಲ್ಲ. ಹಾಗಾದರೆ ಮೊದಲೂ ಇದ್ದಿರಬೇಕು, ನನಗೇ ಕಾಣಲಿಲ್ಲ ಎಂದುಕೊಂಡೆ. ಆರು ವರ್ಷ ಹಾಗೆಯೇ ಅಂದುಕೊಂಡಿದ್ದೇನೆ. ಹೋದ ಕಾಗದದಲ್ಲಿ ಲೇಬಲ್ ಇರಲಿಲ್ಲ ಎಂದು ಬರೆದಾಗಲೂ ಒಳಗೆ ಸಂಶಯವಿತ್ತು. ಉಮ್ಮನ ಇನ್ಸುಲಿನ್ ಬಾಟಲಿಯನ್ನು ಮೂರು ಸಲ ಓದುತ್ತೇನೆ, ಆಮೇಲೆ ಉಮ್ಮನ ಕೈಯಲ್ಲೂ ಓದಿಸುತ್ತೇನೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. “ಅಕ್ಷರದ ಆಕಾರ ನೋಡಿ ಹೇಳಿ ಉಮ್ಮ, ನಿನ್ನೆಯದ್ದೇ ಅಲ್ವಾ?” ಎಂದು ಕೇಳುತ್ತೇನೆ. ಅಂಗಡಿಯಲ್ಲಿ ಕನ್ನಡಕದ ನಂಬರು ಬರೆದರೆ ನಾಲ್ಕು ಸಲ ನೋಡುತ್ತೇನೆ. ಮಾಲಕರಾದ ಝುಬೈರಾಕ, “ನಿನ್ನಷ್ಟು ಜಾಗ್ರತೆಯ ಹುಡುಗಿ ಸಿಕ್ಕಲಿಕ್ಕಿಲ್ಲ” ಎನ್ನುತ್ತಾರೆ. ಅದು ಜಾಗ್ರತೆ ಅಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ನಿಮ್ಮ ಕಾಗದ ಓದಿ ಉಮ್ಮನಿಗೆ ಎಲ್ಲ ಹೇಳಿದೆ. “ಲೇಬಲ್ ಇರಲಿಲ್ಲ ಉಮ್ಮ, ನಾನು ಕಂಡದ್ದೇ ಸರಿ” ಎಂದೆ. ಅವರು ನಿಮ್ಮನ್ನು ನಮ್ಮ ಬ್ಯಾರಿ ಭಾಷೆಯಲ್ಲಿ ಬೈದರು, ಅದನ್ನು ಕಾಗದದಲ್ಲಿ ಬರೆಯುವ ಹಾಗಿಲ್ಲ. ನಾನು ಅತ್ತೆ. ದುಃಖದಿಂದ ಅಲ್ಲ. ನನ್ನ ಕಣ್ಣು ಸರಿ ಇತ್ತಲ್ಲ ಎಂದು.

ಫಾಯಿಝಾ

ಬಂಟ್ವಾಳ,
5 ಅಕ್ಟೋಬರ್ 2024

ಫಾಯಿಝಾ,

ಎಲ್ಲ ಮುಗಿಯುವ ತನಕ ಬರೆಯಬಾರದು ಎಂದುಕೊಂಡಿದ್ದೆ. ದಸರಾ ರಜೆಗೆ ಮನೆಗೆ ಬಂದು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ಮೂರನೇ ದಿನ ಅನಿಷಾ ಮೇಡಂ ಹತ್ತಿರ ಹೋದೆ. ಅವರು ಪೂರ್ತಿ ಕೇಳಿದರು. “ಈಗ ನನಗೆ ಯಾಕೆ ಹೇಳ್ತಾ ಇದ್ದೀರಿ?” ಎಂದರು. “ನಾಳೆ ನಾನು ಹುಡುಗಿಯರಿಗೆ ಪಾಠ ಮಾಡ್ಲಿಕ್ಕುಂಟು ಮೇಡಂ” ಎಂದೆ. “ಹಾಗಾದರೆ ನನಗೆ ಹೇಳಿ ಪ್ರಯೋಜನ ಇಲ್ಲ. ಯಾರ ಎದುರು ಸುಳ್ಳು ಹೇಳಿದ್ದೋ ಅವರಿಗೆ ಬರೆಯಿರಿ. ಮತ್ತೆ ಬನ್ನಿ, ನಾನು ಇಲ್ಲೇ ಇರ್ತೇನೆ” ಎಂದರು.

ಆಸ್ಪತ್ರೆಗೂ ನಿನ್ನ ಕಾಲೇಜಿಗೂ ಬರೆದೆ. ಎರಡು ಬಾರಿ ಕರೆದು ಕೇಳಿದರು. ಅದೇ ಕೋಣೆ, ಅದೇ ಮೇಜು. ಐವರಲ್ಲಿ ಇಬ್ಬರು ಹಳಬರು. ಅವರಲ್ಲೊಬ್ಬರು, “ಇಷ್ಟು ವರ್ಷ ಆದ ಮೇಲೆ ಇದೆಲ್ಲ ಎಂತಕ್ಕೆ ಸಿಸ್ಟರ್? ಆ ಹುಡುಗಿಯೂ ಸುಮ್ಮನಿದ್ದಾಳಲ್ಲ” ಎಂದರು. “ಸುಮ್ಮನಿದ್ದದ್ದಲ್ಲ ಸರ್, ಅವಳು ಹೇಳಿದ್ದನ್ನು ನಾವು ಕೇಳಲಿಲ್ಲ” ಎಂದೆ. ಇನ್‌ಚಾರ್ಜ್ ಹುದ್ದೆ ಹೋಯಿತು. ಕೊಡುತ್ತೇವೆ ಎಂದಿದ್ದ ಬೋಧಕಿಯ ಕೆಲಸವೂ ಇಲ್ಲ ಎಂದು ಪತ್ರ ಬಂದಿದೆ. ಓದು ಮುಂದುವರಿಸಲು ಅಡ್ಡಿಯಿಲ್ಲ ಎಂದು ಮಿಜಾರಿನ ಕಾಲೇಜಿನವರು ಹೇಳಿದ್ದಾರೆ. ಅದಕ್ಕೆ ಅನಿಷಾ ಮೇಡಂ ಎಷ್ಟು ಮಾತಾಡಿದರೋ, ಅವರು ಹೇಳಲಿಲ್ಲ.

ಯಜಮಾನರಿಗೆ ಹೇಳಿದ್ದೇ ಎಲ್ಲಕ್ಕಿಂತ ಕಷ್ಟವಾಯಿತು. “ಆರು ವರ್ಷ ನನ್ನ ಎದುರು ಕೂತು ಊಟ ಮಾಡಿದ್ದಿ, ಒಂದು ದಿನ ಹೇಳಬಹುದಿತ್ತು” ಎಂದರು. ಎರಡು ವಾರ ನನ್ನಲ್ಲಿ ಅಗತ್ಯವಿದ್ದಷ್ಟೇ ಮಾತು. ನಿನ್ನೆ ನನ್ನ ಪಾಠ ಯೋಜನೆಯ ಪುಸ್ತಕ ತೆಗೆದು ಕೆಂಪು ಪೆನ್ನಿನಿಂದ ತಿದ್ದಿ ಮೇಜಿನ ಮೇಲಿಟ್ಟಿದ್ದರು. ಅಷ್ಟು ಸಾಕು ಅನ್ನಿಸಿತು.

ಪಾಣೆಮಂಗಳೂರಿಗೂ ಹೋಗಿದ್ದೆ. ಭಟ್ಟರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ವಿಷಯ ಹೇಳಿದೆ. ಸೊಸೆ ಶುಭಶ್ರೀ ನಿಂತಲ್ಲೇ ಕೆಂಪಾದರು. “ಆ ಮಗುವಿಗೆ ನಾವು ಎಷ್ಟು ಶಾಪ ಹಾಕಿದ್ದೇವೆ ಗೊತ್ತುಂಟಾ ನಿಮಗೆ?” ಎಂದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಭಟ್ಟರು ಪೇಪರ್ ಮಡಚಿಟ್ಟು, “ನನಗೆ ಎಚ್ಚರ ಆದಾಗ ಒಬ್ಬಳು ಹುಡುಗಿ ಐಸಿಯು ಬಾಗಿಲಿನ ಗಾಜಿನ ಹೊರಗೆ ನಿಂತಿದ್ದಳು. ಮೊಮ್ಮಗಳು ಅಂತ ಮಾಡಿದ್ದೆ. ಅವಳೇ ಇರಬೇಕು. ಅವಳಿಗೆ ಹೇಳಿ, ನಾನು ಚೆನ್ನಾಗಿದ್ದೇನೆ ಅಂತ” ಎಂದರು.

ಹೇಳಿದ್ದೇನೆ.

ಶ್ರೀಮತಿ

ಬೆಳ್ತಂಗಡಿ,
3 ಡಿಸೆಂಬರ್ 2024

ಸಿಸ್ಟರ್,

ನಿಂತಿದ್ದವಳು ನಾನೇ. ಒಳಗೆ ಬಿಡಲಿಲ್ಲ.

ಕಾಲೇಜಿನಿಂದ ನನಗೂ ಪತ್ರ ಬಂದಿದೆ. ನನ್ನ ಮೇಲಿದ್ದ ಆರೋಪ ತೆಗೆದಿದ್ದಾರಂತೆ, ಇಷ್ಟವಿದ್ದರೆ ಮೂರನೇ ವರ್ಷಕ್ಕೆ ಮತ್ತೆ ಸೇರಬಹುದಂತೆ. ವಿಷಾದ ಎಂಬ ಶಬ್ದ ಒಂದು ಕಡೆ ಇದೆ. ಝುಬೈರಾಕ ಅಂಗಡಿಯಲ್ಲಿ ಎಲ್ಲರಿಗೂ ಹಲ್ವ ಹಂಚಿದರು. ಬಂದವರೆಲ್ಲ ಖುಷಿಯಾಯಿತಲ್ಲ ಎಂದು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ನನ್ನದೇ ವಸ್ತುವನ್ನು ಕಸಿದುಕೊಂಡು ಆರು ವರ್ಷ ಬಿಟ್ಟು ಕೊಟ್ಟರೆ ಎಂತದ್ದು ಖುಷಿ?

ನನ್ನ ಬ್ಯಾಚಿನವರು ಗಲ್ಫಿನಲ್ಲಿದ್ದಾರೆ, ಮಂಗಳೂರಿನಲ್ಲಿದ್ದಾರೆ, ಒಬ್ಬಳು ವಾರ್ಡ್ ಇನ್‌ಚಾರ್ಜ್ ಆಗಿದ್ದಾಳೆ. ನಾನು ಈಗ ಹೋಗಿ ಇಪ್ಪತ್ತರ ಹುಡುಗಿಯರ ಜೊತೆ ಸಾಲಿನಲ್ಲಿ ನಿಲ್ಲಬೇಕೇ? ಸಿರಿಂಜು ಹಿಡಿದರೆ ಕೈ ಏಳುತ್ತದೋ ಇಲ್ಲವೋ. ಉಮ್ಮ ಏನೂ ಹೇಳುವುದಿಲ್ಲ. ಆದರೆ ಹಳೆಯ ಬಿಳಿ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ಒಣಗಲು ಹಾಕಿದ್ದಾರೆ. ಕೇಳಿದರೆ, “ಮುಗ್ಗು ವಾಸನೆ ಬರ್ತಾ ಇತ್ತು” ಎನ್ನುತ್ತಾರೆ.

ಕ್ಷಮಿಸಿದೆಯಾ ಎಂದು ನೀವು ಕೇಳಲಿಲ್ಲ. ಕೇಳದೆ ಇದ್ದದ್ದು ಒಳ್ಳೆಯದಾಯಿತು.

ಫಾಯಿಝಾ

ಮಿಜಾರು,
17 ಮಾರ್ಚ್ 2025

ಫಾಯಿಝಾ,

ನೀನು ಸೇರಬೇಕು ಎಂದು ನಾನು ಹೇಳುವುದಿಲ್ಲ. ಹೇಳುವ ಹಕ್ಕು ನನಗಿಲ್ಲ.

ಹೋದ ವಾರ ಅದೇ ಪಾಠವನ್ನು ಮತ್ತೆ ಮಾಡಿದೆ. ಅನಿಷಾ ಮೇಡಂ ಹೇಳಿ ಮಾಡಿಸಿದ್ದಲ್ಲ, ನಾನೇ ಕೇಳಿ ತೆಗೆದುಕೊಂಡದ್ದು. ಮೊದಲ ಬಾರಿ ಕೂತಿದ್ದ ಹುಡುಗಿಯರೇ, ಈಗ ಎರಡನೇ ವರ್ಷ. “ಆ ದಿನ ನಾನು ನಿಮಗೆ ಹೇಳಿದ ಕಥೆ ಸುಳ್ಳು. ಹಳೆಯ ಪುಟ ತೆಗೆಯಿರಿ, ತಿದ್ದುವ” ಎಂದೆ. ಲೇಬಲ್ ಹಾಕದವಳು ನಾನು, ಆಮೇಲೆ ಅಂಟಿಸಿದವಳೂ ನಾನು ಎಂದೆ. ಯಾರೂ ಪೆನ್ನು ಎತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಮುಂದಿನ ಬೆಂಚಿನ ಸಮೀನಾ ಎಂಬವಳು ಎದ್ದು ನಿಂತು, “ಮೇಡಂ, ನಿಮ್ಮ ಹಾಗಿನ ಸಿಸ್ಟರ್ ಇದ್ದರೆ ನಾವು ಎಂತ ಮಾಡಬೇಕು?” ಎಂದು ಕೇಳಿದಳು. “ನನಗೆ ಗೊತ್ತಿಲ್ಲ. ಆದರೆ ವಿದ್ಯಾರ್ಥಿನಿ ಹೆದರಿದ್ದಾಳೆ ಎಂದರೆ ಕಲಿಸುವವಳಲ್ಲಿ ಏನೋ ಸರಿ ಇಲ್ಲ ಎಂದು ಈಗ ಗೊತ್ತಾಗಿದೆ” ಎಂದೆ. ಉಳಿದ ಹತ್ತು ನಿಮಿಷ ಅವರೇ ಮಾತಾಡಿದರು. ತಾವು ಯಾರಿಗೆ ಹೆದರಿದ್ದು, ಹೆದರಿ ಏನು ಮುಚ್ಚಿಟ್ಟದ್ದು. ಒಬ್ಬಳು ಅತ್ತಳು. ಅನಿಷಾ ಮೇಡಂ ಅಂಕ ಕಡಿಮೆ ಕೊಟ್ಟರು. “ಪಾಠ ಯೋಜನೆ ಪೂರ್ತಿ ಆಗಲಿಲ್ಲ” ಎಂದು ಬರೆದಿದ್ದಾರೆ. ಹಾಗೆ ಬರೆದು, ಆ ಕಾಗದವನ್ನು ಕೈಗೆ ಕೊಡುವಾಗ ನನ್ನ ಕೈ ಹಿಡಿದುಕೊಂಡರು.

ಓದು ಮುಗಿದ ಮೇಲೆ ನನ್ನನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೋ ಗೊತ್ತಿಲ್ಲ. ಕಲಿಸುವುದು ಅಂದರೆ ಏನೆಂದು ಮಾತ್ರ ಈ ವರ್ಷ ಸ್ವಲ್ಪ ತಿಳಿಯಿತು.

ಶ್ರೀಮತಿ

ಬೆಳ್ತಂಗಡಿ,
21 ಸೆಪ್ಟೆಂಬರ್ 2025

ಶ್ರೀಮತಿ ಸಿಸ್ಟರ್,

ತಡವಾಯಿತು. ಆರು ತಿಂಗಳು ಯೋಚನೆಯಲ್ಲೇ ಹೋಯಿತು.

ಕಳೆದ ತಿಂಗಳು ಸೇರಿದೆ. ಬೇರೆ ಕಾಲೇಜು ನೋಡುವ ಎಂದು ಎಲ್ಲರೂ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಹೊರಗೆ ಹಾಕಿದ ಗೇಟಿನಿಂದಲೇ ಒಳಗೆ ಹೋಗಬೇಕು ಎಂದಿತ್ತು. ಮೊದಲ ದಿನ ಗೇಟಿನ ಎದುರಿನ ಅಂಗಡಿಯಲ್ಲಿ ಒಂದು ಲಿಂಬೆ ಶರಬತ್ತು ಕುಡಿದು ಹೋದೆ. ಹುಡುಗಿಯರಿಗೆ ನಾನು ಹೊಸ ಟೀಚರ್ ಎಂದು ಕಂಡು ಎಲ್ಲರೂ ಎದ್ದು ನಿಂತರು. “ಕೂತುಕೊಳ್ಳಿ ಮಾರಾಯ್ರೆ, ನಾನೂ ನಿಮ್ಮ ಕ್ಲಾಸೇ” ಎಂದೆ. ಈಗ ಅಕ್ಕ ಎನ್ನುತ್ತಾರೆ. ಹಾಸ್ಟೆಲಿನಲ್ಲಿ ಅವರ ಜಗಳ ಬಿಡಿಸುವ ಕೆಲಸವೂ ನನ್ನದೇ. ಉಮ್ಮ ಈಗ ಇನ್ಸುಲಿನ್ ತಾವೇ ಹಾಕಿಕೊಳ್ಳಲು ಕಲಿತಿದ್ದಾರೆ.

ಕೈ ಎದ್ದಿತು. ಮೊದಲ ಇಂಜೆಕ್ಷನ್ ಕೊಟ್ಟದ್ದು ಬಾಣಂತಿಯೊಬ್ಬಳಿಗೆ. ಕೊಟ್ಟು ಮುಗಿದ ಮೇಲೆ ಅವಳು, “ಆಯ್ತಾ? ಗೊತ್ತೇ ಆಗ್ಲಿಲ್ಲ” ಎಂದಳು. ನಾನು ಹೋಗಿ ಬಾತ್‌ರೂಮಿನಲ್ಲಿ ಮುಖ ತೊಳೆದು ಬಂದೆ.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ನನಗೆ ಈಗಲೂ ಗೊತ್ತಿಲ್ಲ. ಕೆಲವು ದಿನ ಹೌದು ಎನಿಸುತ್ತದೆ. ಕೆಲವು ದಿನ ವಾರ್ಡಿನಲ್ಲಿ ನನಗಿಂತ ಚಿಕ್ಕ ಸ್ಟಾಫ್ ನರ್ಸ್ ನನಗೆ ಕೆಲಸ ಹೇಳುವಾಗ ಇಲ್ಲ ಎನಿಸುತ್ತದೆ. ಅದನ್ನು ಹಾಗೆಯೇ ಬಿಡುವ.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಹೆರಿಗೆ ಶುಶ್ರೂಷೆಯ ಪಾಠ ನನಗೆ ಅರ್ಥವಾಗುತ್ತಿಲ್ಲ. ಮಗುವಿನ ತಲೆ ಯಾವ ಕಡೆಯಿಂದ ಹೇಗೆ ತಿರುಗಿ ಬರುತ್ತದೆ ಎಂಬಲ್ಲಿಗೆ ಬಂದರೆ ಪುಸ್ತಕದ ಚಿತ್ರಗಳೆಲ್ಲ ಒಂದೇ ಹಾಗೆ ಕಾಣುತ್ತವೆ. ನಮ್ಮ ಟೀಚರಿಗೆ ಮೂರು ಬಾರಿ ಕೇಳಲು ಸಂಕೋಚ. ನೀವು ಒಂದು ದಿನ ವಾರ್ಡಿನಲ್ಲಿ ಬಿಡುವಿದ್ದಾಗ ಟವೆಲನ್ನು ಸುತ್ತಿ ಗೊಂಬೆ ಮಾಡಿ, ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರಿಗೆ ಅದನ್ನು ತೋರಿಸಿದ್ದಿರಂತೆ. ನಾನು ಆ ದಿನ ರಜೆಯಲ್ಲಿದ್ದೆ. ನನಗೂ ಒಮ್ಮೆ ತೋರಿಸಬೇಕು.

ಭಾನುವಾರ ನಾನು ಮನೆಯಲ್ಲಿರುತ್ತೇನೆ. ನಿಮ್ಮ ಹತ್ತಿರದ ಮೂಡುಬಿದಿರೆಯಿಂದ ಬೆಳಿಗ್ಗೆ ಬಸ್ಸು ಉಂಟಲ್ಲ, ಹನ್ನೊಂದಕ್ಕೆ ಮುಂಚೆ ತಲಪಬಹುದು. ಉಮ್ಮನಿಗೆ ಹೇಳಿದ್ದೇನೆ. ಅವರಿಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ, ಹೋಗುವ ಅಂದಾಜೂ ಇಲ್ಲ. ಆದರೂ ನೀವು ಮೀನು ತಿನ್ನುತ್ತೀರೋ ಇಲ್ಲವೋ ಎಂದು ಎರಡು ಬಾರಿ ಕೇಳಿದರು. ಊಟ ಬಡಿಸುತ್ತಾರೆ. ಮಾತಾಡಿಸಲಿಕ್ಕಿಲ್ಲ.

ಎರಡು ಟವೆಲ್ ತೆಗೆದಿಟ್ಟಿದ್ದೇನೆ. ಬನ್ನಿ.

ಫಾಯಿಝಾ